ಪರೇಲಿನ ಹಾಫ್ಕಿನ್ ಮಹಾಶಯರು

ಮುಂಬಯಿಯ ಪರೇಲಿನಲ್ಲಿ ಹಿಂದೊಮ್ಮೆ ಗವರ್ನರರ ನಿವಾಸವಾಗಿದ್ದ ಪುರಾತನ ಭವನವೊಂದಿದೆ. ಅದೇ ಹಾಫ್ಕಿನ್ ಸಂಸ್ಥೆ. ಆ ಬೀದಿಯಲ್ಲಿ ಪ್ರತಿದಿನವೂ ಹಾದುಹೋಗುವ ನಮ್ಮ ಕನ್ನಡ ಬಾಂಧವರು ಅನೇಕರಿದ್ದಾರೆ. ಆದರೆ ಈ ಹಾಫ್ಕಿನ್ ಎಂಬವರು ಯಾರು, ಅವರ ಹೆಸರು ಈ ಕಟ್ಟಡಕ್ಕೆ ಬಂದ ಬಗೆ ಯಾವುದು, ಅದೇ ಕಟ್ಟಡದಿಂದ ಅವರು ಅಪವಾದವನ್ನು ಹೊತ್ತು ಹೊರನಡೆಯಬೇಕಾದ ಪ್ರಸಂಗವೇನು ಎಂಬುದನ್ನು ಬಲ್ಲವರು ವಿರಳ. ದುಡಿಮೆಗಾಗಿ ಪರಸ್ಥಳಕ್ಕೆ ಬಂದು ನೆಲಸಿರುವ ನಮ್ಮಂಥವರು ಅವಶ್ಯವಾಗಿ ಅರಿಯಬೇಕಾದ ಜೀವನಚರಿತ್ರೆಯಿದು.

ವಾಲ್ಡೆಮಾರ್ ಹಾಫ್ಕಿನರು 1860ನೆಯ ಇಸವಿಯಲ್ಲಿ ರಶಿಯಾ ಸಾಮ್ರಾಜ್ಯದ ಕಪ್ಪು ಸಮುದ್ರದ ಸೀಮೆಯಲ್ಲಿ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿದರು. ಒಡೆಸ್ಸಾ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಅಭ್ಯಸಿಸಿದರು. ಮುಂದೆ ನೊಬೆಲ್ ಪಾರಿತೋಷಕವನ್ನು ಪಡೆದ ಮೆಚ್ನಿಕೋವರು ಅಲ್ಲಿ ಅವರ ಗುರುಗಳು. ಆ ಕಾಲದ ರಶಿಯಾದಲ್ಲಿ ಯೆಹೂದಿಗಳ ಮನೆಗಳ ಮೇಲೆ ದೊಂಬಿಗಳು ನಡೆಯುತ್ತಿದ್ದುವು. ತಮ್ಮವರ ರಕ್ಷಣೆಗಾಗಿ ನಿಂತ ತರುಣ ಹಾಫ್ಕಿನರು ಗಾಯಗೊಂಡರು, ಸೆರೆಯನ್ನೂ ಕಂಡರು. ವಿದ್ಯೆಯಲ್ಲಿ ಎಷ್ಟೇ ಮುಂದಾಗಿದ್ದರೂ, ಮತಾಂತರಗೊಂಡಲ್ಲದೆ ಅಧ್ಯಾಪಕ ಪದವಿ ದೊರೆಯದೆಂಬ ಸ್ಥಿತಿಯಿತ್ತು. ಅದಕ್ಕೆ ಅವರು ಒಪ್ಪಲಿಲ್ಲ. 1888ರಲ್ಲಿ ಸ್ವದೇಶವನ್ನು ತೊರೆದು ಜಿನೀವಾಕ್ಕೆ ತೆರಳಿದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯನ್ನು ಸೇರಿದರು. ಅಲ್ಲಿ ಮೊದಲು ದೊರೆತದ್ದು ಗ್ರಂಥಾಲಯದ ಸಹಾಯಕನ ಕೆಲಸ. ಬಿಡುವಿನ ವೇಳೆಯಲ್ಲಿ ಪ್ರಯೋಗಶಾಲೆಯ ಮೂಲೆಯೊಂದರಲ್ಲಿ ಕುಳಿತು ಕಾಲರಾ ರೋಗಾಣುಗಳ ಅಭ್ಯಾಸವನ್ನು ನಡೆಸಿದರು.

1892ರಲ್ಲಿ ಕಾಲರಾಕ್ಕೆ ಲಸಿಕೆಯೊಂದು ಅವರ ಕೈಯಲ್ಲಿ ಸಿದ್ಧವಾಯಿತು. ಆ ವರ್ಷದ ಜುಲೈ 18ರಂದು ಅದನ್ನು ಮೊತ್ತಮೊದಲು ತಮ್ಮ ಶರೀರಕ್ಕೇ ಚುಚ್ಚಿಕೊಂಡರು. ಎರಡು ದಿನ ಜ್ವರ ಬಂದಿತು, ಇಳಿಯಿತು. ಇನ್ನೊಬ್ಬರ ಮೈಗೆ ಹಾಕುವುದನ್ನು ಮೊದಲು ತನ್ನ ಮೈಗೆ ಹಾಕಿಕೊಳ್ಳಬೇಕೆಂಬುದು ಅವರು ಕೊನೆಯವರೆಗೂ ಪಾಲಿಸಿದ ವ್ರತ. ಹಿಂದೆ ಭಾರತದ ವೈಸರಾಯರಾಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಡಫರಿನ್ ಪ್ರಭುಗಳ ಪ್ರೋತ್ಸಾಹದಿಂದ 1893ರಲ್ಲಿ ಅವರು ಕಲಕತ್ತೆಗೆ ಬಂದಿಳಿದರು. ಎರಡು ವರ್ಷಗಳಲ್ಲಿ ಸುಮಾರು 42,000 ಮಂದಿಗೆ ಲಸಿಕೆಯನ್ನು ಹಾಕಿದರು. ಕಲಕತ್ತೆಯ ಬಡವರ ಬಸ್ತಿಗಳಲ್ಲಿ ಕಲ್ಲೆಸೆತವನ್ನೂ ಎದುರಿಸಬೇಕಾಯಿತು. ಆಗ ಜನರ ಮುಂದೆಯೇ ತಮ್ಮ ಮೈಗೆ ಸೂಜಿಯನ್ನು ಚುಚ್ಚಿಕೊಂಡು ತೋರಿಸಿ ಅವರ ವಿಶ್ವಾಸವನ್ನು ಗಳಿಸಿದರು.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಪ್ಲೇಗು ತಲೆದೋರಿತು. ಅದನ್ನು ಗುರುತಿಸಿದವರು ಡಾಕ್ಟರ್ ವಿಯೇಗಸ್ ಎಂಬ ಗೋವೆಯ ಮೂಲದ ವೈದ್ಯರು. ಕೆಲವೇ ತಿಂಗಳುಗಳಲ್ಲಿ ನಗರದ ಹತ್ತಿರ ಹತ್ತಿರ ಅರ್ಧದಷ್ಟು ಜನ ಊರು ಬಿಟ್ಟರು. ಈ ಜಾಡ್ಯದ ಮೂಲ ಯಾವುದೆಂಬ ವಾದ ಆಗಲೇ ಹುಟ್ಟಿತು. ಹಾಂಕಾಂಗಿನ ಹಡಗುಗಳಿಂದ ಬಂದಿತೆಂದು ಕೆಲವರು, ಉಗ್ರಾಣದ ಧಾನ್ಯದಿಂದ ಬಂದಿತೆಂದು ಕೆಲವರು, ಚಾಳುಗಳ ಕೊಳಕಿನಿಂದ ಬಂದಿತೆಂದು ಇನ್ನು ಕೆಲವರು ವಾದಿಸಿದರು. ಅಧಿಕಾರಿಗಳ ಕಣ್ಣು ಬಿದ್ದದ್ದು ಬಡವನ ಮನೆಯ ಮೇಲೆಯೇ. ಮನೆಗಳನ್ನು ಹೊಕ್ಕು ಶೋಧಿಸಿದರು, ಗೃಹಸಾಮಗ್ರಿಯನ್ನು ಸುಟ್ಟರು. ಪುಣೆಯಲ್ಲಿ ಈ ಕ್ರಮಗಳ ವಿರುದ್ಧ ಎದ್ದ ರೋಷವು 1897ರಲ್ಲಿ ರ‍್ಯಾಂಡ್ ಸಾಹೇಬನ ವಧೆಯಲ್ಲಿ ಪರ್ಯವಸಾನವಾಯಿತು. ಇಲಿಯ ಮೇಲಿನ ಚಿಗಟವೇ ರೋಗವಾಹಕವೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯರು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟರೂ ಅದನ್ನು ನಂಬಿದವರಿಲ್ಲ. 1905ರ ಅನಂತರ ನಡೆದ ಸಂಶೋಧನೆಗಳಿಂದ ಆ ಮಾತು ಸ್ಥಿರಪಟ್ಟಿತು. ಅಷ್ಟರಲ್ಲಿ ನಿರಪರಾಧಿಗಳಾದ ಎಷ್ಟೋ ಮಂದಿಯ ಮಾನಹಾನಿಯಾಗಿ ಹೋಗಿತ್ತು.

ಸರಕಾರದ ಕರೆಯ ಮೇರೆಗೆ ಹಾಫ್ಕಿನರು 1896ರ ಅಕ್ಟೋಬರದಲ್ಲಿ ಮುಂಬಯಿಗೆ ಬಂದರು. ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಒಂದು ಕೊಠಡಿ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ದೊರೆತದ್ದು. ಮಾಂಸದ ಸಾರಿನಲ್ಲಿ ತುಪ್ಪದ ಹನಿಗಳನ್ನು ತೇಲಿಸಿ, ಆ ಹನಿಗಳಿಗೆ ಅಂಟಿಕೊಂಡು ರೋಗಾಣುಗಳು ಕೆಳಮುಖವಾಗಿ ಬೆಳೆಯುವಂತೆ ಮಾಡಿದರು. ಬಳಿಕ ಅವನ್ನು ಕಾಯಿಸಿ ಕೊಂದು, ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ ಲಸಿಕೆಯನ್ನು ಸಿದ್ಧಪಡಿಸಿದರು. ಮೂರು ತಿಂಗಳುಗಳ ಈ ಪರಿಶ್ರಮದ ತರುವಾಯ, 1897ರ ಜನವರಿ 10ರಂದು ಸಾಮಾನ್ಯ ಪ್ರಮಾಣಕ್ಕಿಂತ ಅಧಿಕವಾದ ಲಸಿಕೆಯನ್ನು ತಮಗೇ ಚುಚ್ಚಿಸಿಕೊಂಡರು. ಅದೇ ತಿಂಗಳ ಕೊನೆಗೆ ಭಾಯಖಳದ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿದಾಗ, ಸ್ವಇಚ್ಛೆಯಿಂದ ಮುಂದೆ ಬಂದ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಹಾಕಿದ ದಿನವೇ ರೋಗ ಕಾಣಿಸಿಕೊಂಡ ಕೆಲವರನ್ನು ಬಿಟ್ಟರೆ, ಲಸಿಕೆ ಪಡೆದವರಲ್ಲಿ ಆ ಮೇಲೆ ಇಬ್ಬರಿಗೆ ರೋಗ ತಗಲಿ ಇಬ್ಬರೂ ಬದುಕಿದರು. ಪಡೆಯದವರಲ್ಲಿ ಹನ್ನೆರಡು ಮಂದಿಗೆ ತಗಲಿ ಆರು ಮಂದಿ ತೀರಿಕೊಂಡರು.

ಆ ಮೇಲೆ ಲಸಿಕೆಗೆ ಎಲ್ಲೆಡೆಯಿಂದಲೂ ಬೇಡಿಕೆ ಬಂದಿತು. ತರುಣ ಆಗಾಖಾನರು ಜನರ ಸಮಕ್ಷಮದಲ್ಲಿ ತಾವೇ ಚುಚ್ಚಿಸಿಕೊಂಡು ತಮ್ಮ ಅನುಯಾಯಿಗಳಿಗೆ ಧೈರ್ಯ ತುಂಬಿದರು. 1898ರಲ್ಲಿ ಪ್ಲೇಗು ನಮ್ಮ ಹುಬ್ಬಳ್ಳಿಗೆ ಕಾಲಿಟ್ಟಾಗ ಅಲ್ಲಿಯ ನಾಗರಿಕರು ಸಾವಿರಾರು ಸಂಖ್ಯೆಯಲ್ಲಿ ಈ ಲಸಿಕೆಯನ್ನು ಪಡೆದರು. ಹುಬ್ಬಳ್ಳಿಯ ಉದಾಹರಣೆಯು ಲಸಿಕೆಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಇಲಿ ಬಿದ್ದಿತೆಂದರೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟುತ್ತಿದ್ದ ಆ ದಿನಗಳ ಕಥೆಯನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಉಂಟಷ್ಟೆ. 1899ರಲ್ಲಿ ಪರೇಲಿನ ಭವನವನ್ನು ಸರಕಾರವು ಪ್ಲೇಗು ಸಂಶೋಧನಾಲಯಕ್ಕೆ ಬಿಟ್ಟುಕೊಟ್ಟಿತು. ಹಾಫ್ಕಿನರೇ ಅದರ ಮುಖ್ಯಸ್ಥರಾದರು.

ಕೀರ್ತಿಯ ಶಿಖರದಲ್ಲಿದ್ದಾಗಲೇ ಆಪತ್ತು ಬಂದೆರಗಿತು. 1902ರಲ್ಲಿ ಪಂಜಾಬಿನಲ್ಲಿ ವಿಸ್ತಾರವಾದ ಲಸಿಕಾ ಕಾರ್ಯವನ್ನು ಆರಂಭಿಸಲಾಗಿತ್ತು. ಬೇಡಿಕೆಯನ್ನು ಪೂರೈಸುವುದಕ್ಕಾಗಿ ಹಾಫ್ಕಿನರು ತಯಾರಿಕೆಯ ಕ್ರಮವನ್ನು ಬದಲಿಸಿ, ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟು, ಕಾಯಿಸುವಿಕೆಯೊಂದನ್ನೇ ನೆಚ್ಚಿದ್ದರು. ಅಕ್ಟೋಬರ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಮಂದಿಗೆ ಲಸಿಕೆ ಹಾಕಲಾಯಿತು. ಅಂದು ತೆರೆದ ಸೀಸೆಗಳು ಐದು. 53ಎನ್ ಎಂಬ ಗುರುತಿನ ಒಂದೇ ಸೀಸೆಯಿಂದ ಪಡೆದ 19 ಮಂದಿಗೆ ಒಂದು ವಾರದಲ್ಲಿ ಧನುರ್ವಾಯು ಅಡರಿತು. ಆ ಹತ್ತೊಂಬತ್ತು ಮಂದಿಯೂ ಮೃತಪಟ್ಟರು. ಉಳಿದ ನಾಲ್ಕು ಸೀಸೆಗಳವರಿಗೆ ಏನೂ ಆಗಲಿಲ್ಲ.

ಧನುರ್ವಾಯುವಿನ ಬೀಜ ಆ ಸೀಸೆಯನ್ನು ಹೊಕ್ಕದ್ದು ಎಲ್ಲಿ? ಪರೇಲಿನ ಪ್ರಯೋಗಶಾಲೆಯಲ್ಲೋ, ಹಳ್ಳಿಯ ಬಯಲಿನಲ್ಲೋ? ಇದೇ ಇಡೀ ವಿವಾದದ ಮರ್ಮ. ಮುಂಬಯಿಯ ಮುಖ್ಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ನೇಮಕವಾದ ಆಯೋಗವು, ಸೀಸೆ ತೆರೆಯುವ ಮೊದಲೇ ಕೆಟ್ಟಿತ್ತೆಂದೂ ದೋಷ ಪರೇಲಿನದೆಂದೂ ತೀರ್ಮಾನಿಸಿತು. ಕಾರ್ಬಾಲಿಕ್ ಬಿಟ್ಟದ್ದೇ ಅಪರಾಧವೆಂಬಂತೆ ಬಗೆಯಲಾಯಿತು. ಹಾಫ್ಕಿನರನ್ನು ಅಧಿಕಾರದಿಂದ ದೂರವಿರಿಸಿದರು. ಅವರು ವೈದ್ಯಪದವೀಧರರಲ್ಲ, ಆಂಗ್ಲರಲ್ಲ, ಮೇಲಾಗಿ ಯೆಹೂದಿ. ಅಧಿಕಾರವರ್ಗದಲ್ಲಿ ಅವರ ಪಕ್ಷವನ್ನು ಹಿಡಿಯುವವರು ಕಡಿಮೆಯಾಗಿದ್ದರು. 1904ರಲ್ಲಿ ಅವರು ಭಾರತವನ್ನು ಬಿಟ್ಟು ಇಂಗ್ಲೆಂಡಿಗೆ ತೆರಳಿದರು.

ಆದರೆ ಸಾಕ್ಷ್ಯವು ಬೇರೆಯದನ್ನೇ ಹೇಳುತ್ತಿತ್ತು. ಆ ಸೀಸೆಯನ್ನು ತುಂಬಿ 41 ದಿನಗಳಾಗಿದ್ದುವು. ಅಷ್ಟು ಕಾಲ ಧನುರ್ವಾಯುವಿನ ರೋಗಾಣುಗಳು ಒಳಗೆ ಬೆಳೆದಿದ್ದರೆ ಬಿರಡೆ ತೆಗೆದೊಡನೆ ದುರ್ಗಂಧ ಹೊಡೆಯಬೇಕಿತ್ತು. ಲಸಿಕೆ ಹಾಕಿದ ವೈದ್ಯರಿಗೆ ಅಂಥ ವಾಸನೆಯೇನೂ ಬಂದಿರಲಿಲ್ಲ. ವಿಷವು ಬಹಳವಾಗಿ ತುಂಬಿದ್ದರೆ ರೋಗವೂ ಒಂದು ವಾರ ಕಾಯದೆ ಶೀಘ್ರವಾಗಿಯೇ ಕಾಣಿಸಿಕೊಳ್ಳಬೇಕಿತ್ತು. ಇನ್ನೊಂದು ಸಣ್ಣ ಸಂಗತಿ ಸಾಕ್ಷ್ಯದಲ್ಲಿ ದಾಖಲಾಗಿತ್ತು. ಬಿರಡೆ ತೆಗೆಯುವ ಚಿಮುಟವು ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅವನು ಅದನ್ನೆತ್ತಿ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ, ಅದರಿಂದಲೇ ಸೀಸೆಯನ್ನು ತೆರೆದಿದ್ದನು. ಧನುರ್ವಾಯುವಿನ ಬೀಜದ ಮನೆ ಮಣ್ಣು ಮತ್ತು ಸೆಗಣಿ. ಅಂಥ ಬೀಜವು ಕಾರ್ಬಾಲಿಕ್ಕಿನಲ್ಲಿ ಕ್ಷಣಮಾತ್ರ ಅದ್ದಿದರೆ ಸಾಯತಕ್ಕದ್ದಲ್ಲ. ಬೆಂಕಿಯಲ್ಲಿ ಹಾಯಿಸಬೇಕು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ತಜ್ಞರು ಈ ಸಾಕ್ಷ್ಯವನ್ನೆಲ್ಲ ಪರಿಶೀಲಿಸಿ, ಸೀಸೆಯನ್ನು ತೆರೆಯುವಾಗಲೇ ದೋಷ ಸೇರಿರುವ ಸಂಭವ ಹೆಚ್ಚೆಂದು ಅಭಿಪ್ರಾಯಪಟ್ಟರು.

ಸರಕಾರವು ಈ ಕಾಗದಪತ್ರಗಳನ್ನು ಪ್ರಕಟಿಸಿದ್ದು 1906ರ ಕೊನೆಗೆ. ಆಗ ಹಾಫ್ಕಿನರ ಪಕ್ಷವನ್ನು ವಹಿಸಿದವರು ಸರ್ ರೊನಾಲ್ಡ್ ರಾಸ್. ಸಿಕಂದರಾಬಾದಿನಲ್ಲಿದ್ದಾಗ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡುಹಿಡಿದ ಮಹನೀಯರು ಅವರೇ. 1907ರ ಜುಲೈಯಲ್ಲಿ ರಾಸರೂ ಇತರ ಒಂಬತ್ತು ಮಂದಿ ವಿಜ್ಞಾನಿಗಳೂ ಸೇರಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಈ ಅನ್ಯಾಯವನ್ನು ಲೋಕದ ಮುಂದಿಟ್ಟರು. ವಿಷಯವು ಪಾರ್ಲಿಮೆಂಟಿನವರೆಗೂ ಹೋಯಿತು. ಕೊನೆಗೆ ಸರಕಾರವು ಹಾಫ್ಕಿನರನ್ನು ಪುನಃ ಭಾರತದ ಸೇವೆಗೆ ಕರೆಯಿತು. ಆದರೆ ಪರೇಲಿನ ಸ್ಥಾನವು ಬೇರೊಬ್ಬರದಾಗಿತ್ತು. ಕಲಕತ್ತೆಯಲ್ಲಿ ದೊರೆತ ಹುದ್ದೆಯಲ್ಲಿ ಮೊದಲಿನಂತೆ ಜನರ ನಡುವೆ ಲಸಿಕೆಯ ಕಾರ್ಯವನ್ನು ನಡೆಸುವ ಅವಕಾಶವಿರಲಿಲ್ಲ. ಐದು ವರ್ಷಗಳ ಅಪವಾದವು ಅವರ ಉತ್ಸಾಹವನ್ನೇ ಹೀರಿಬಿಟ್ಟಿತ್ತು. ಐವತ್ತೈದರ ಸುಮಾರಿಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. ಅವಿವಾಹಿತರಾಗಿಯೇ ಉಳಿದ ಅವರು ಉತ್ತರ ವಯಸ್ಸನ್ನು ಧರ್ಮಾಚರಣೆಯಲ್ಲಿ ಕಳೆದು, ತಮ್ಮ ಸಂಪತ್ತನ್ನು ಬಡ ಯೆಹೂದಿ ವಿದ್ಯಾರ್ಥಿಗಳ ಧರ್ಮಪಾಠಶಾಲೆಗಳಿಗೆ ಮೀಸಲಿಟ್ಟರು. 1930ರ ಅಕ್ಟೋಬರ 26ರಂದು ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ದೈವಾಧೀನರಾದರು. ಅದಕ್ಕೆ ಐದು ವರ್ಷ ಮೊದಲೇ, 1925ರಲ್ಲಿ, ಪರೇಲಿನ ಸಂಸ್ಥೆಗೆ ಅವರ ಹೆಸರನ್ನು ಇಡಲಾಗಿತ್ತು. ಅಷ್ಟರೊಳಗೆ ಅಲ್ಲಿಂದ ಹೊರಟ ಪ್ಲೇಗು ಲಸಿಕೆಯ ಪ್ರಮಾಣ 2 ಕೋಟಿ 60 ಲಕ್ಷ ಮಂದಿಗೆ ಸಾಕಾಗುವಷ್ಟು.

ಈ ಚರಿತ್ರೆಯನ್ನು ಓದುವಾಗಲೆಲ್ಲ ನಮಗೆ ನಮ್ಮ ಹೋಟೆಲಿನ ಒಂದು ಪ್ರಸಂಗ ನೆನಪಾಗುತ್ತದೆ. ಒಮ್ಮೆ ಊಟ ಮಾಡಿದ ಕೆಲವು ಗಿರಾಕಿಗಳಿಗೆ ಹೊಟ್ಟೆ ಕೆಟ್ಟಿತೆಂದು ದೂರು ಬಂದಿತು. ಗಲ್ಲೆಯ ಮೇಲೆ ಕುಳಿತಿದ್ದ ನಾವು ಹಿಂದುಮುಂದು ನೋಡದೆ, ಊರಿನಿಂದ ಹೊಸದಾಗಿ ಬಂದಿದ್ದ ಪಾತ್ರೆ ತೊಳೆಯುವ ಹುಡುಗನನ್ನು ಕೆಲಸದಿಂದ ಬಿಡಿಸಿದೆವು. ವಾರ ಕಳೆದ ಮೇಲೆ ವಿಚಾರಿಸಲಾಗಿ, ಹೊರಗಿನಿಂದ ತರಿಸಿದ ಮೊಸರೇ ಕೆಟ್ಟಿತ್ತೆಂದು ತಿಳಿಯಿತು. ಆ ಹುಡುಗನನ್ನು ಹುಡುಕಿಸಿದೆವು, ಸಿಗಲಿಲ್ಲ. ಅವನಿಗಾಗಿ ಟೈಮ್ಸ್ ಪತ್ರಿಕೆಗೆ ಬರೆಯುವ ರಾಸ್ ಯಾರೂ ಇರಲಿಲ್ಲ.

2019ರ ಕೊನೆಗೆ ಚೀನದ ವೂಹಾನ್ ನಗರದಲ್ಲಿ ಕಾಣಿಸಿಕೊಂಡ ಕೊರೋನಾ ವೈರಸ್ಸು ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ, ಅದೇ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಎದ್ದಿತು. ಪ್ರಾಣಿಗಳನ್ನು ಮಾರುವ ಪೇಟೆಯಿಂದ ಬಂದಿತೋ, ಪ್ರಯೋಗಶಾಲೆಯಿಂದ ಸೋರಿತೋ ಎಂಬ ವಾದದಲ್ಲಿ ಪ್ರಾಣಿಗಳ ಕಡೆಗೇ ಹೆಚ್ಚಿನ ವಿಜ್ಞಾನಿಗಳ ಒಲವಿದ್ದರೂ, ಬೇಕಾದ ದಾಖಲೆಗಳೆಲ್ಲ ಹೊರಬೀಳದೆ ಅಂತಿಮ ನಿರ್ಣಯವಾಗಿಲ್ಲ. ನಿರ್ಣಯಕ್ಕೆ ಕಾಯದೆ, 2020ರಲ್ಲಿ ನಮ್ಮದೇ ನಗರಗಳಲ್ಲಿ ಈಶಾನ್ಯ ರಾಜ್ಯಗಳ ಸಹೋದರರನ್ನು ಮುಖಚರ್ಯೆಯ ಕಾರಣದಿಂದ ಹೀಯಾಳಿಸಿದವರಿದ್ದರು. ಅವರೂ ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರು.

ಜಾಡ್ಯದ ಮೂಲವನ್ನು ಶೋಧಿಸುವುದು ಅವಶ್ಯ. ಶೋಧಿಸದಿದ್ದರೆ ಅದೇ ಅನರ್ಥ ಮರುಕಳಿಸುತ್ತದೆ. ಮುಲ್ಕೋವಾಲಿನ ಹತ್ತೊಂಬತ್ತು ಮನೆಗಳವರಿಗೂ ಸತ್ಯವನ್ನು ತಿಳಿಯುವ ಹಕ್ಕಿತ್ತು. ಆದರೆ ಶೋಧನೆಯು ಸೀಸೆಯನ್ನು ತುಂಬಿದ ಕೈಯಿಂದ ಹಿಡಿದು ಬಿರಡೆ ತೆಗೆದ ಕೈಯವರೆಗೆ ಪ್ರತಿಯೊಂದು ಹೆಜ್ಜೆಯನ್ನೂ ನೋಡಬೇಕು. ಪರಸ್ಥಳದವನು ಎದುರಿಗಿದ್ದಾನೆಂಬ ಕಾರಣಕ್ಕೆ ಅಲ್ಲಿಯೇ ನಿಲ್ಲಬಾರದು. ಪರೇಲಿನಲ್ಲಿ ಆ ಹೆಸರಿನ ಫಲಕವನ್ನು ಕಂಡಾಗ ವಾಚಕರು ಇದನ್ನು ಸ್ಮರಿಸಿಕೊಂಡರೆ ನಾವು ಬರೆದದ್ದು ಸಾರ್ಥಕ.