ತಾಯ್ನಾಡನ್ನು ಪಿಯಾನೋದಲ್ಲಿ ನುಡಿಸಿದ ಶೋಪ್ಯಾನ್

ಪಿಯಾನೋ ಪಾಶ್ಚಾತ್ಯರ ವಾದ್ಯ. ಹಾರ್ಮೋನಿಯಮ್ಮಿನಲ್ಲಿರುವಂತೆ ಸಾಲಾಗಿರುವ ಮನೆಗಳ ಮೇಲೆ ಬೆರಳೊತ್ತಿದರೆ, ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಹುಟ್ಟಿದ ಮರುಕ್ಷಣವೇ ನಾದವು ಕ್ಷೀಣಿಸತೊಡಗುತ್ತದೆ. ವೀಣೆಯಂತೆ ತಂತಿಯನ್ನೆಳೆದು ಗಮಕ ನುಡಿಸುವ ಅನುಕೂಲ ಅದಕ್ಕಿಲ್ಲ. ಇಂತಹ ವಾದ್ಯವನ್ನು ಮನುಷ್ಯನ ಕಂಠದಂತೆ ಹಾಡಿಸಿ, ಒಂದು ಜನಾಂಗದ ಅಳಲನ್ನು ಅದರಲ್ಲಿ ತುಂಬಿದವನು ಪೋಲೆಂಡಿನ ಫ್ರೆಡೆರಿಕ್ ಶೋಪ್ಯಾನ್. ಊರು ಬಿಟ್ಟು ಪರಸ್ಥಳದಲ್ಲಿ ಬಾಳುತ್ತಿರುವ ನಾವು ಆತನ ಚರಿತ್ರೆಯನ್ನು ಅರಿಯುವುದು ಉಚಿತವೆಂದು ಭಾವಿಸುತ್ತೇವೆ.

ಶೋಪ್ಯಾನನು 1810ರಲ್ಲಿ ವಾರ್ಸಾ ನಗರದ ಸಮೀಪದ ಒಂದು ಹಳ್ಳಿಯಲ್ಲಿ ಜನಿಸಿದನು. ತಂದೆ ಫ್ರಾನ್ಸಿನಿಂದ ವಲಸೆ ಬಂದು ಪೋಲೆಂಡಿನಲ್ಲಿ ನೆಲೆಸಿದ ಉಪಾಧ್ಯಾಯ. ತಾಯಿ ಆ ನಾಡಿನವಳೇ. ಏಳನೆಯ ವಯಸ್ಸಿಗೇ ಬಾಲಕನ ಕೃತಿಯೊಂದು ಅಚ್ಚಾಯಿತು. ಶಾಲೆಯ ರಜೆಯಲ್ಲಿ ಶಫಾರ್ನಿಯಾ ಎಂಬ ಹಳ್ಳಿಗೆ ಹೋದಾಗ ರೈತಾಪಿ ಜನರ ಹಾಡು ಕುಣಿತಗಳನ್ನು ಆತನು ಕಿವಿಗೊಟ್ಟು ಕೇಳಿದನು.

1830ರ ನವೆಂಬರ್ 2ರಂದು, ಇಪ್ಪತ್ತರ ತರುಣನಾಗಿ, ಕೀರ್ತಿಯನ್ನರಸಿ ಊರು ಬಿಟ್ಟನು. ಆ ತಿಂಗಳ ಕೊನೆಯಲ್ಲಿಯೇ ರಷ್ಯದ ಝಾರ್ ದೊರೆಯ ಆಳ್ವಿಕೆಯ ವಿರುದ್ಧ ವಾರ್ಸಾದಲ್ಲಿ ದಂಗೆಯೆದ್ದಿತು. ಮರುವರ್ಷ ಸೆಪ್ಟೆಂಬರಿನಲ್ಲಿ ನಗರವು ರಷ್ಯನ್ನರ ವಶವಾಯಿತು. ಆ ವಾರ್ತೆ ಮುಟ್ಟಿದಾಗ ಆತನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿದ್ದನು. ಮುಂದೆ ಪ್ಯಾರಿಸ್ಸಿಗೆ ಹೋಗಿ ನೆಲೆಸಿದನು. ತಾಯ್ನೆಲವನ್ನು ಮತ್ತೆಂದೂ ಮೆಟ್ಟಲಿಲ್ಲ. 1835ರಲ್ಲಿ ಬೊಹೀಮಿಯಾದ ಕಾರ್ಲ್ಸ್‌ಬಾಡಿನಲ್ಲಿ ತಂದೆತಾಯಿಗಳನ್ನು ಕಂಡದ್ದೇ ಕಡೆಯ ಭೇಟಿ.

ಪ್ಯಾರಿಸ್ಸಿನಲ್ಲಿ ಶ್ರೀಮಂತರ ಮಕ್ಕಳಿಗೆ ಪಾಠ ಹೇಳಿ ಜೀವನ ಸಾಗಿಸಿದನು. ದೊಡ್ಡ ಸಭೆಗಳೆಂದರೆ ಆತನಿಗೆ ಅಳುಕು. ಅಲ್ಲಿ ನೆಲೆಸಿದ ಮೇಲೆ ಮಾಡಿದ ಸಾರ್ವಜನಿಕ ಕಚೇರಿಗಳು ಸುಮಾರು 30 ಮಾತ್ರ. ಪಿಯಾನೋ ಕಲಿಯುವವರು ಒಳ್ಳೆಯ ಗಾಯಕರನ್ನು ಕೇಳಬೇಕೆಂಬುದು ಆತನ ಉಪದೇಶ. ಎಡಗೈ ಲಯ ತಪ್ಪದೆ ನಡೆಯುತ್ತಿರಲು, ಬಲಗೈ ಭಾವಕ್ಕನುಗುಣವಾಗಿ ತುಸು ತಡೆದು, ತುಸು ಮುಂದುವರಿದು ಹಾಡಬೇಕು. ಸಾಯುವ ನಾದಕ್ಕೆ ಉಸಿರು ಬಂದುದು ಈ ಬಗೆಯಿಂದ. ಹಳ್ಳಿಯ ಕುಣಿತವಾದ ಮಝುರ್ಕಾವನ್ನು ಆಧರಿಸಿ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದನು. ಅವುಗಳಲ್ಲಿ ಒಂದೂ ಮಾತಿಲ್ಲ. ಆದರೂ ಪ್ಯಾರಿಸ್ಸಿನಲ್ಲಿದ್ದ ಪೋಲಿಷ್ ನಿರಾಶ್ರಿತರಿಗೆ ಅವು ಊರಿನ ದನಿಯಾಗಿದ್ದವು.

ಎದೆಯ ರೋಗವು ದೇಹವನ್ನು ಹಣ್ಣುಮಾಡಿತು. 1848ರ ನವೆಂಬರಿನಲ್ಲಿ, ನಿಲ್ಲಲೂ ತ್ರಾಣವಿಲ್ಲದಂತಿದ್ದರೂ, ಲಂಡನ್ನಿನ ಗಿಲ್ಡ್‌ಹಾಲಿನಲ್ಲಿ ಪೋಲಿಷ್ ನಿರಾಶ್ರಿತರ ಸಹಾಯಾರ್ಥ ನುಡಿಸಿದನು. ಅದೇ ಆತನ ಕೊನೆಯ ಕಚೇರಿ. 1849ರ ಅಕ್ಟೋಬರ್ 17ರಂದು, 39ನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ದೇಹವು ಅಲ್ಲಿಯೇ ಮಣ್ಣಾಯಿತು. ಹೃದಯವನ್ನು ಮಾತ್ರ ಆತನ ಅಕ್ಕ ಲುದ್ವಿಕಾ ಗುಟ್ಟಾಗಿ ವಾರ್ಸಾಕ್ಕೆ ಒಯ್ದಳು. ಅದು ಈಗಲೂ ಅಲ್ಲಿಯ ಪವಿತ್ರ ಶಿಲುಬೆಯ ಇಗರ್ಜಿಯ ಕಂಬವೊಂದರಲ್ಲಿದೆ.

ಮಾತಿಲ್ಲದ ಈ ಸಂಗೀತಕ್ಕೆ ಆಳುವವರೂ ಅಂಜಿದರು. 1863ರಲ್ಲಿ ರಷ್ಯನ್ ಸೈನಿಕರು ಆತನು ತಾರುಣ್ಯದಲ್ಲಿ ನುಡಿಸಿದ್ದ ಪಿಯಾನೋವನ್ನು ವಾರ್ಸಾದ ಅರಮನೆಯೊಂದರ ಕಿಟಕಿಯಿಂದ ಬೀದಿಗೆಸೆದರು. 1940ರಲ್ಲಿ ನಾಝಿಗಳು ಆತನ ಪ್ರತಿಮೆಯನ್ನು ಒಡೆದುಹಾಕಿದರು. ಪ್ರತಿಮೆಯು 1958ರಲ್ಲಿ ಮತ್ತೆ ಎದ್ದುನಿಂತಿತು. ಸಂಗೀತವಾದರೋ ನಿಂತೇ ಇರಲಿಲ್ಲ.

ಪ್ಯಾರಿಸ್ಸಿನ ವೈಭವದ ನಡುವೆಯೂ ಬತ್ತದ ಆ ಸೆಲೆ ಬಾಲ್ಯದ ಎರಡು ಬೇಸಿಗೆಗಳಲ್ಲಿ ಹಳ್ಳಿಯೊಂದರಲ್ಲಿ ಕಿವಿಗೆ ಬಿದ್ದುದು ಎಂಬುದನ್ನು ನಾವು ಮರೆಯಬಾರದು. ನಮ್ಮ ಮಕ್ಕಳು ಇಲ್ಲಿಯೇ ಹುಟ್ಟಿ, ಇಲ್ಲಿಯ ಭಾಷೆಗಳಲ್ಲಿ ಓದಿ ಬೆಳೆಯುತ್ತಿದ್ದಾರೆ. ರಜೆಯಲ್ಲಿ ಅವರನ್ನು ಊರಿಗೆ ಕಳುಹಿಸುವಾಗ ಮದುವೆಮನೆಯ ಸೋಬಾನೆ, ಗದ್ದೆಯ ಹಾಡು, ಅಜ್ಜಿಯ ಜೋಗುಳ ಇವು ಅವರ ಕಿವಿಗೆ ಬೀಳುವಂತೆ ನೋಡಿಕೊಳ್ಳೋಣ. ಅವರೆಲ್ಲರೂ ಶೋಪ್ಯಾನರಾಗಬೇಕಿಲ್ಲ, ಊರಿನ ದನಿಯನ್ನು ಕೇಳಿದೊಡನೆ ಗುರುತಿಸಿದರೆ ಸಾಕು.