ರಬ್ಬರ್ ವಿಮಾನದ ಅಲ್ಫಾನ್ಸ್ ಪೆನೊ

ವಿಮಾನ ಅಂದ ಕೂಡಲೇ ನಾವು ರೈಟ್ ಸಹೋದರರ ಹೆಸರು ಹೇಳುತ್ತೇವೆ. ಅವರಿಗಿಂತ ಮೊದಲು ಅಲ್ಫಾನ್ಸ್ ಪೆನೊ ಎಂಬುವರು ಇದ್ದರು.

ಇವರು 1850ರಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್‌ನಲ್ಲಿ ಜನಿಸಿದರು. ತಂದೆ ನೌಕಾಸೇನೆಯಲ್ಲಿ ದೊಡ್ಡ ಅಧಿಕಾರಿ. ಮಗನಿಗೂ ಅದೇ ಆಸೆ. ಆದರೆ ಸೊಂಟದ ಕಾಯಿಲೆಯಿಂದ ಸೇನೆಗೆ ಸೇರೋಕೆ ಆಗಲಿಲ್ಲ.

ಹಾಗಾಗಿ ಮಾದರಿ ವಿಮಾನ ಮಾಡತೊಡಗಿದರು. ಇಂಜಿನ್ ಇಲ್ಲ, ಬರೀ ರಬ್ಬರ್! ಅದನ್ನು ಚೆನ್ನಾಗಿ ತಿರುವಿ ಬಿಟ್ಟರೆ ಬಿಚ್ಚಿಕೊಳ್ಳುತ್ತಾ ಫ್ಯಾನು ತಿರುಗಿಸುತ್ತದೆ. 1870ರಲ್ಲಿ ಹೀಗೆ ಆಟದ ಹೆಲಿಕಾಪ್ಟರ್ ಮಾಡಿದರು. 1871ರ ಆಗಸ್ಟ್ 18ರಂದು ಪ್ಯಾರಿಸ್ಸಿನ ಒಂದು ತೋಟದಲ್ಲಿ ಅವರ ಪುಟ್ಟ ವಿಮಾನ 11 ಸೆಕೆಂಡಿನಲ್ಲಿ ಸುಮಾರು 40 ಮೀಟರ್ ಹಾರಿತು. ತೂಕ 16 ಗ್ರಾಂ ಅಷ್ಟೇ. ಗುಟ್ಟು ಇರೋದು ಬಾಲದಲ್ಲಿ. ಬಾಲದ ರೆಕ್ಕೆಯ ಮುಂದಿನ ಅಂಚನ್ನು ಸ್ವಲ್ಪ ತಗ್ಗಿಸಿದ್ದರು. ವಿಮಾನದ ಮೂಗು ಬಗ್ಗಿದರೂ ಎದ್ದರೂ ಬಾಲವೇ ಸರಿ ಮಾಡುತ್ತಿತ್ತು. ಇದರ ಮರುದಿನವೇ ಅಮೇರಿಕದಲ್ಲಿ ಆರ್ವಿಲ್ ರೈಟ್ ಹುಟ್ಟಿದ್ದು, ನೋಡಿ!

1876ರಲ್ಲಿ ಪೆನೊ ಇನ್ನೊಬ್ಬರ ಜೊತೆ ಸೇರಿ, ಇಬ್ಬರು ಕೂರುವ, ನೀರಿನ ಮೇಲೂ ಇಳಿಯುವ ದೊಡ್ಡ ವಿಮಾನದ ನಕ್ಷೆಗೆ ಪೇಟೆಂಟ್ ಪಡೆದರು. ಹಣ ಕೊಡುವವರು ಮಾತ್ರ ಯಾರೂ ಸಿಗಲಿಲ್ಲ. 1880ರಲ್ಲಿ, ಬರೀ 30ನೇ ವಯಸ್ಸಿಗೆ, ಬೇಸರದಲ್ಲೇ ತೀರಿಕೊಂಡರು. ಇದನ್ನು ಓದಿ ನನಗೆ ಬಹಳ ಬೇಜಾರಾಯ್ತು.

ಅವರು ಬದುಕಿದ್ದಾಗಲೇ, 1878ರಲ್ಲಿ, ರೈಟ್ ಸಹೋದರರ ತಂದೆ ಮಕ್ಕಳಿಗೆ ಪೆನೊ ಮಾದರಿಯ ಹೆಲಿಕಾಪ್ಟರ್ ಆಟಿಕೆ ತಂದುಕೊಟ್ಟಿದ್ದರು. ಬಿದಿರು, ಕಾಗದ, ಬೆಂಡಿನದು. ಅದು ಮುರಿದ ಮೇಲೆ ಅಣ್ಣತಮ್ಮ ತಾವೇ ಮಾಡಿಕೊಂಡರು. ಇನ್ನೂ ದೊಡ್ಡದು ಮಾಡಿದರೆ ಅದು ಸರಿಯಾಗಿ ಹಾರಲೇ ಇಲ್ಲ. ಆಗ ವಿಲ್ಬರ್‌ಗೆ 11 ವರ್ಷ, ಆರ್ವಿಲ್‌ಗೆ 7.