ಸರ್‌ ಎಂ.ವಿ. ಮತ್ತು ನನ್ನ ಸೀಟು

ಸೆಪ್ಟೆಂಬರ್ 15 ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡು ಕಥೆಗಳು ತಪ್ಪದೆ ಓಡಾಡುತ್ತವೆ. ಸರ್ಕಾರಿ ಕೆಲಸಕ್ಕೊಂದು, ಸ್ವಂತ ಕೆಲಸಕ್ಕೊಂದು ಮೇಣದಬತ್ತಿ ಇಟ್ಟುಕೊಂಡಿದ್ದರು ಎನ್ನುವುದು ಒಂದು. ರೈಲಿನಲ್ಲಿ ಕುಳಿತು ಸದ್ದು ಕೇಳಿಯೇ ಹಳಿ ಬಿರುಕು ಬಿಟ್ಟಿದ್ದನ್ನು ಕಂಡುಹಿಡಿದರು ಎನ್ನುವುದು ಇನ್ನೊಂದು. ಪ್ರಾಥಮಿಕ ಶಾಲೆಯಲ್ಲಿ ಭಾಷಣಕ್ಕೆಂದು ನಾನು ಬಾಯಿಪಾಠ ಮಾಡಿದ್ದೂ ಇವನ್ನೇ. ಸಿವಿಲ್ ಎಂಜಿನಿಯರಿಂಗ್ ಮುಗಿಸಿದ ಮೇಲೂ ಸರ್‌ ಎಂ. ವಿಶ್ವೇಶ್ವರಯ್ಯ ಅವರ ಬಗ್ಗೆ ನನಗೆ ಅದಕ್ಕಿಂತ ಹೆಚ್ಚೇನೂ ಗೊತ್ತಿರಲಿಲ್ಲ.

ನಮ್ಮ ಮನೆ ಹೇರೋಹಳ್ಳಿಯಲ್ಲಿ. ದಿನಾ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಬಸ್ ಹಿಡಿದು ಸುಂಕದಕಟ್ಟೆ, ಸುಮನಹಳ್ಳಿ ದಾಟಿ ವಿಜಯನಗರಕ್ಕೆ ಕೋಚಿಂಗ್‌ಗೆ ಹೋಗುತ್ತೇನೆ. ಸಹಾಯಕ ಎಂಜಿನಿಯರ್ ಹುದ್ದೆಯ ಪರೀಕ್ಷೆಗೆ ತಯಾರಿ ನಡೆಸಿದ್ದೇನೆ. ಕಳೆದ ಎಂಜಿನಿಯರ್‌ಗಳ ದಿನ, ಕ್ಲಾಸ್ ಬಿಡುವಿನಲ್ಲಿ ಟೀ ಅಂಗಡಿ ಮುಂದೆ ಮಾತು ಮೀಸಲಾತಿಯ ಕಡೆ ಹೊರಳಿತು. ಸರ್‌ ಎಂ.ವಿ. ಇದನ್ನು ಒಪ್ಪದೆ ದಿವಾನಗಿರಿಯನ್ನೇ ಬಿಟ್ಟು ಹೋದವರು ಎಂದು ಗೆಳೆಯನೊಬ್ಬ ನನ್ನ ಮುಖ ನೋಡದೆ ಹೇಳಿದ. ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಆದರೂ ನನಗೆ ಚುಚ್ಚಿತು.

ಯಾಕೆಂದರೆ ನನ್ನ ಸೀಟು ಸಿಕ್ಕಿದ್ದು ಹಿಂದುಳಿದ ವರ್ಗದ ಕೋಟಾದಲ್ಲಿ. ಅಪ್ಪ ಗಾರೆ ಮೇಸ್ತ್ರಿ. ನಮ್ಮ ವಂಶದಲ್ಲಿ ಪಿಯುಸಿ ದಾಟಿದವಳು ನಾನೇ ಮೊದಲು. ಮನೆಗೆ ಬಂದು ಪದವಿ ಪ್ರಮಾಣಪತ್ರ ತೆಗೆದು ನೋಡಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದು ಅದರ ನೆತ್ತಿಯ ಮೇಲೇ ಅಚ್ಚಾಗಿತ್ತು. ಈ ಮನುಷ್ಯ ಇದ್ದಿದ್ದರೆ ನನ್ನನ್ನು ಒಳಗೆ ಬಿಡುತ್ತಿದ್ದರೋ ಇಲ್ಲವೋ ಎನ್ನುವ ಪ್ರಶ್ನೆ ಅವತ್ತು ತಲೆಗೆ ಹೊಕ್ಕಿತು. ಕೋಚಿಂಗ್ ನೋಟ್ಸ್ ಪಕ್ಕಕ್ಕಿಟ್ಟು, ಗ್ರಂಥಾಲಯದಲ್ಲಿ ಅವರ ಬದುಕಿನ ಬಗ್ಗೆ ಓದಲು ಶುರು ಮಾಡಿದೆ.

ಅವರು ಹುಟ್ಟಿದ್ದು ಇಂದಿನ ಚಿಕ್ಕಬಳ್ಳಾಪುರ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ, 1860ರ ದಶಕದ ಆರಂಭದ ಹೊತ್ತಿಗೆ. ಹೆಸರಿನ ಹಿಂದಿರುವ ಮೋಕ್ಷಗುಂಡಂ ಎನ್ನುವುದು ಅವರ ಪೂರ್ವಿಕರು ಬಂದ ಆಂಧ್ರದ ಊರು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡಿರಲಿಲ್ಲ. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಚಿಕ್ಕಬಳ್ಳಾಪುರದಲ್ಲಿ ಓದಿ, ಬೆಂಗಳೂರಿಗೆ ಬಂದು ಸೆಂಟ್ರಲ್ ಕಾಲೇಜು ಸೇರಿದರು. ಖರ್ಚಿಗೆ ದಾರಿಯಿಲ್ಲದೆ, ಕೊಡಗಿನ ಮೂಲದ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿಕೊಡುತ್ತಿದ್ದರು. 1881ರಲ್ಲಿ ಬಿ.ಎ. ಆಯಿತು. ಮುಂದೆ ಪುಣೆಯಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಮರುವರ್ಷವೇ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆದರು.

ಸಹಾಯಕ ಎಂಜಿನಿಯರ್ ಎನ್ನುವ ಪದ ಓದಿದಾಗ ನಗು ಬಂತು. ನಾನು ಬರೆಯಲಿರುವ ಪರೀಕ್ಷೆಯೂ ಅದೇ ಹುದ್ದೆಗೆ! ಅವರ ಪಯಣವೂ ರಸ್ತೆ, ಕಟ್ಟಡ, ಕಾಲುವೆಗಳ ಉಸ್ತುವಾರಿಯಿಂದಲೇ ಶುರುವಾಯಿತು.

ಅವರ ಕೆಲಸಗಳಲ್ಲಿ ನನಗೆ ಬಹಳ ಹಿಡಿಸಿದ್ದು ಸಿಂಧ್‌ನ ಸಕ್ಕರ್ ಊರಿನದು. ಸಿಂಧೂ ನದಿಯ ದಡದಲ್ಲೇ ಇದ್ದರೂ ಅಲ್ಲಿನ ಜನಕ್ಕೆ ಕುಡಿಯಲು ತಿಳಿನೀರು ಇರಲಿಲ್ಲ. ನದಿಯ ನೀರು ಕೆಸರು. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಲು ಪುರಸಭೆಯಲ್ಲಿ ಹಣವಿಲ್ಲ. ವಿಶ್ವೇಶ್ವರಯ್ಯ ನದಿಯ ಪಾತ್ರದಲ್ಲೇ ಬಾವಿ ತೋಡಿಸಿದರು. ಮರಳಿನ ಮೂಲಕ ಇಳಿದು ಬರುವಾಗ ನೀರು ತಾನೇ ಸೋಸಿ ಬಾವಿಗೆ ಸೇರುತ್ತಿತ್ತು. ಅಲ್ಲಿಂದ ಸುರಂಗದ ಮೂಲಕ ದಡಕ್ಕೆ ತಂದು ಪಂಪ್ ಮಾಡಿದರೆ ಆಯಿತು. ಮರಳನ್ನೇ ಜರಡಿ ಮಾಡಿಕೊಂಡ ಈ ಉಪಾಯ 1890ರ ದಶಕದ್ದು. ದುಡ್ಡಿಲ್ಲ ಎನ್ನುವುದು ಎಂಜಿನಿಯರ್‌ಗೆ ಕೆಲಸ ನಿಲ್ಲಿಸಲು ನೆಪವಾಗಬಾರದು ಎಂದು ನಾನು ಅಲ್ಲಿ ಗುರುತು ಹಾಕಿಕೊಂಡೆ.

ಪುಣೆಯ ಹತ್ತಿರದ ಖಡಕ್‌ವಾಸ್ಲಾ ಜಲಾಶಯದಲ್ಲಿ ಇನ್ನೊಂದು ತೊಂದರೆಯಿತ್ತು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ಸಾಲುತ್ತಿರಲಿಲ್ಲ. ಅಣೆಕಟ್ಟೆಯನ್ನು ಎತ್ತರಿಸುವ ಬದಲು, ನೀರು ಒಂದು ಮಟ್ಟ ಮೀರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಅವರು ರೂಪಿಸಿದರು. 1903ರಲ್ಲಿ ಅವನ್ನು ಅಳವಡಿಸಲಾಯಿತು. ಅದರ ಪೇಟೆಂಟ್ ಅವರ ಹೆಸರಿನಲ್ಲಿತ್ತು. 1906ರಲ್ಲಿ ಏಡನ್‌ಗೆ ಹೋಗಿ ಅಲ್ಲಿನ ಕುಡಿಯುವ ನೀರು, ಒಳಚರಂಡಿಗೆ ಯೋಜನೆ ಕೊಟ್ಟು ಬಂದರು.

ಇಷ್ಟೆಲ್ಲ ಮಾಡಿದವರು 1908ರಲ್ಲಿ, ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ ಮುಂಬೈ ಸರ್ಕಾರದ ಕೆಲಸ ಬಿಟ್ಟರು. ಹಲವು ಹಿರಿಯರನ್ನು ದಾಟಿ ಮೇಲೆ ಬಂದಿದ್ದರೂ ಮುಖ್ಯ ಎಂಜಿನಿಯರ್ ಹುದ್ದೆ ತಮಗೆ ಸಿಗುವುದಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಆಗ ಆ ಕುರ್ಚಿ ಬ್ರಿಟಿಷರಿಗೇ ಮೀಸಲು. ಕೈಯಲ್ಲಿ ಎಷ್ಟೇ ಕಸುಬಿದ್ದರೂ ಹುಟ್ಟು ಅಡ್ಡ ಬರುತ್ತಿತ್ತು. ಈ ಸಾಲನ್ನು ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಈ ನೋವು ಅವರಿಗೂ ಗೊತ್ತಿತ್ತಲ್ಲ!

ವಿದೇಶ ಪ್ರವಾಸದಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತಿದ್ದರು. ಪ್ರವಾಹವನ್ನು ಊರಿನ ಮೇಲ್ಭಾಗದಲ್ಲೇ ಹಿಡಿದು ನಿಲ್ಲಿಸುವ ಯೋಜನೆ ಅವರದು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಮುಂದೆ ತಲೆಯೆತ್ತಿದ್ದು ಹೀಗೆ. 1909ರ ನವೆಂಬರ್‌ನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿ ತವರಿಗೆ ಮರಳಿದರು.

ಕನ್ನಂಬಾಡಿಯ ಕಥೆ ಶುರುವಾಗುವುದು ಇಲ್ಲಿಂದ. ಶಿವನಸಮುದ್ರದ ವಿದ್ಯುತ್ ಆಗ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತಿಗೂ ಕೊರತೆ. ಮಂಡ್ಯದ ಕಡೆಯ ಹೊಲಗಳಿಗೆ ಮಳೆಯೇ ಗತಿ. ಎರಡಕ್ಕೂ ಒಂದೇ ಅಣೆಕಟ್ಟೆ ಎಂದು ಅವರು ಲೆಕ್ಕ ಹಾಕಿದರು. ಅಂದಾಜು ವೆಚ್ಚ 253 ಲಕ್ಷ ರೂಪಾಯಿ. ಅಷ್ಟು ಹಣ ನೀರಿಗೆ ಸುರಿಯುವುದೇ ಎಂದು ಸರ್ಕಾರದೊಳಗೇ ಆಕ್ಷೇಪ ಬಂತು. ಕೊನೆಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಒಪ್ಪಿಗೆ ಕೊಟ್ಟು 1911ರಲ್ಲಿ ಕೆಲಸ ಆರಂಭವಾಯಿತು. ಅಷ್ಟರಲ್ಲಿ ಕೆಳಗಿನ ಮದ್ರಾಸ್ ಸರ್ಕಾರ ತಕರಾರು ತೆಗೆದು, ಕಡಿಮೆ ಎತ್ತರಕ್ಕೆ ಮಾತ್ರ ಒಪ್ಪಿತು. ವಿಶ್ವೇಶ್ವರಯ್ಯ ಮುಂದೆ ಪೂರ್ತಿ ಎತ್ತರಕ್ಕೆ ಅನುಮತಿ ಸಿಗುತ್ತದೆಂದು ನಂಬಿ, ಅದಕ್ಕೆ ತಕ್ಕಷ್ಟು ಅಗಲದ ಅಡಿಪಾಯವನ್ನೇ ಹಾಕಿಸಿದರು. ವ್ಯಾಜ್ಯ ತೀರಿದ್ದು 1924ರ ಒಪ್ಪಂದದಲ್ಲಿ. ಪ್ರತಿ ಮಳೆಗಾಲ ನಾವು ಪತ್ರಿಕೆಯಲ್ಲಿ ನೋಡುವ 124.80 ಅಡಿ ಎನ್ನುವ ಅಂಕಿಯ ಹಿಂದೆ ಇಷ್ಟು ದೊಡ್ಡ ಜೂಜು ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, ಗಾರೆ ಯಾವುದು ಅಂತ. ಸಿಮೆಂಟ್ ಅಲ್ಲ, ಸುರ್ಕಿ ಎಂದೆ. ಇಟ್ಟಿಗೆ ಪುಡಿಗೆ ಸುಣ್ಣ ಸೇರಿಸಿ ಅರೆದ ಗಾರೆಯಲ್ಲಿ ಕಲ್ಲು ಕೂರಿಸಿದ್ದು. ಸಾವಿರಾರು ಕೂಲಿಗಳು, ಕಲ್ಲುಕುಟಿಗರು, ಗಾರೆಯವರು ದುಡಿದರು. ಹಲವು ಹಳ್ಳಿಗಳು ಊರು ಬಿಟ್ಟವು. ಕನ್ನಂಬಾಡಿ ಎನ್ನುವ ಊರೇ ನೀರಿನಡಿಗೆ ಹೋಯಿತು. ಅಪ್ಪ ತಲೆಯಾಡಿಸಿ, ಕಟ್ಟಿದವರ ಹೆಸರು ಯಾವ ಕಲ್ಲಿನಲ್ಲೂ ಇರೋದಿಲ್ಲ ಬಿಡು ಅಂದರು.

1912ರ ನವೆಂಬರ್‌ನಲ್ಲಿ ಮಹಾರಾಜರು ಅವರನ್ನು ದಿವಾನರನ್ನಾಗಿ ಮಾಡಿದರು. ಎಂಜಿನಿಯರ್ ಒಬ್ಬ ರಾಜಕಾರಣಕ್ಕೆ ಬಂದದ್ದು ಹೀಗೆ. ಅದನ್ನು ಒಪ್ಪುವ ಮುನ್ನ ಬಂಧುಗಳನ್ನು ಕರೆಸಿ, ಯಾರೂ ಶಿಫಾರಸಿಗೆ ಬರಬಾರದೆಂದು ಮಾತು ಪಡೆದರು ಎಂದು ಹೇಳುತ್ತಾರೆ. ಇನ್‌ಫ್ಲುಯೆನ್ಸ್ ಇಲ್ಲದೆ ಏನೂ ಆಗಲ್ಲ ಎಂದು ದಿನಾ ಕೇಳುವ ನಮ್ಮಂಥವರಿಗೆ ಈ ಮಾತು ಎಷ್ಟು ರುಚಿ ನೋಡಿ. ಮುಂದಿನ ಆರು ವರ್ಷಗಳ ಪಟ್ಟಿ ಹೀಗಿದೆ. 1913ರಲ್ಲಿ ಮೈಸೂರು ಬ್ಯಾಂಕ್, ಅದೇ ವರ್ಷ ಹೆಬ್ಬಾಳದ ಕೃಷಿ ಶಾಲೆ ಮತ್ತು ಪ್ರಾಥಮಿಕ ಶಿಕ್ಷಣದ ಕಾಯ್ದೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಮತ್ತು ವಾಣಿಜ್ಯ ಮಂಡಳಿ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು. ಕೆ.ಆರ್. ಸರ್ಕಲ್‌ನಲ್ಲಿರುವ ಆ ಕಾಲೇಜು ಈಗಿನ ಯುವಿಸಿಇ. ಗಂಧದೆಣ್ಣೆ, ಸಾಬೂನು ಕಾರ್ಖಾನೆಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸಿದ್ಧತೆ, ಮೈಸೂರು–ಅರಸೀಕೆರೆ ರೈಲು ದಾರಿ ಎಲ್ಲವೂ ಅದೇ ಅವಧಿಯವು.

ನನ್ನ ಪ್ರಶ್ನೆಗೆ ಸಂಬಂಧಿಸಿದ ವರ್ಷ 1918. ಆಗ ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ ಐದಕ್ಕೂ ಕಡಿಮೆ, ಆದರೆ ದೊಡ್ಡ ಹುದ್ದೆಗಳಲ್ಲಿ ಬಹುಪಾಲು ಅವರ ಕೈಯಲ್ಲಿತ್ತು. ಉಳಿದ ಸಮುದಾಯಗಳು ಪ್ರಜಾಮಿತ್ರ ಮಂಡಳಿ ಕಟ್ಟಿಕೊಂಡು ತಮ್ಮ ಪಾಲು ಕೇಳಿದವು. ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯ ಒಪ್ಪಲಿಲ್ಲ. ಶಾಲೆ ತೆರೆಯೋಣ, ವಿದ್ಯಾರ್ಥಿವೇತನ ಹೆಚ್ಚಿಸೋಣ, ಆದರೆ ನೌಕರಿ ಮಾತ್ರ ಯೋಗ್ಯತೆ ನೋಡಿಯೇ ಕೊಡಬೇಕು, ಇಲ್ಲದಿದ್ದರೆ ಆಡಳಿತ ಸೊರಗುತ್ತದೆ ಎನ್ನುವುದು ಅವರ ವಾದ. ಮಹಾರಾಜರು ಹಿಂದೆ ಸರಿಯಲಿಲ್ಲ. ಆ ವರ್ಷದ ಕೊನೆಗೆ ವಿಶ್ವೇಶ್ವರಯ್ಯ ದಿವಾನಗಿರಿಯಿಂದ ಹೊರಬಂದರು. 1919ರಲ್ಲಿ ಸಮಿತಿಯ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಎಂದಿತು. ಸರ್ಕಾರ ಅದನ್ನು ಒಪ್ಪಿತು.

ಗೆಳೆಯ ಹೇಳಿದ್ದು ನಿಜವಾಗಿತ್ತು. ಆದರೆ ಅದು ಅರ್ಧ ಕಥೆ. ನನಗೆ ಅರ್ಥವಾಗದ್ದು ಇಷ್ಟೇ. ಮುಂಬೈಯಲ್ಲಿ ಹುಟ್ಟು ನೋಡಿ ಹುದ್ದೆ ಕೊಡುವುದು ತಪ್ಪೆಂದು ಸ್ವಂತ ಅನುಭವದಿಂದ ಅರಿತವರಿಗೆ, ಮೈಸೂರಿನಲ್ಲೂ ಹುಟ್ಟೇ ಬಾಗಿಲು ಕಾಯುತ್ತಿದೆ ಎನ್ನುವುದು ಯಾಕೆ ಕಾಣಲಿಲ್ಲ? ಅವರು ಬಡವರಾಗಿದ್ದರು, ನಿಜ. ಆದರೆ ಮನೆಯಲ್ಲಿ ಅಕ್ಷರವಿತ್ತು, ಬೆಂಗಳೂರಿನಲ್ಲಿ ಓದಿಸಲು ಸೋದರಮಾವನ ಆಸರೆಯಿತ್ತು. ನಮ್ಮಜ್ಜನಿಗೆ ಇದಾವುದೂ ಇರಲಿಲ್ಲ. ಯೋಗ್ಯತೆ ಎನ್ನುವುದು ಓಟದ ಕೊನೆಯಲ್ಲಿ ಅಳೆಯುವ ವಸ್ತುವಾದರೆ, ಎಲ್ಲರೂ ಓಟ ಶುರು ಮಾಡಿದ್ದು ಒಂದೇ ಗೆರೆಯಿಂದ ಹೌದೋ ಅಲ್ಲವೋ ಎಂದು ಮೊದಲು ನೋಡಬೇಕಲ್ಲವೇ? ಈ ವಿಷಯದಲ್ಲಿ ನಾನು ನಾಲ್ವಡಿಯವರ ಕಡೆ.

ಆದರೂ ಅವರ ಮೇಲಿನ ಗೌರವ ಕಡಿಮೆಯಾಗಲಿಲ್ಲ. ಕಾರಣ, ಆಮೇಲೆ ನಡೆದದ್ದು. ಒಪ್ಪದ ಕೆಲಸವನ್ನು ಕುರ್ಚಿಗಾಗಿ ಅವರು ಮಾಡಲಿಲ್ಲ, ಹಾಗೆಂದು ಕುರ್ಚಿ ಹೋದ ಮೇಲೆ ಊರಿನ ಮೇಲೆ ಮುನಿಸಿಕೊಳ್ಳಲೂ ಇಲ್ಲ. 1923ರಲ್ಲಿ ಭದ್ರಾವತಿ ಕಾರ್ಖಾನೆ ನಷ್ಟದಲ್ಲಿದ್ದಾಗ ಅದೇ ಸರ್ಕಾರ ಕರೆಯಿತು. ಅವರು ಬಂದು ಹಲವು ವರ್ಷ ನಿಂತು ಅದನ್ನು ದಡ ಹತ್ತಿಸಿದರು. ಅಲ್ಲಿ ತಮಗೆ ಸಲ್ಲಬೇಕಿದ್ದ ಸಂಭಾವನೆ ಯುವಕರಿಗೆ ಕಸುಬು ಕಲಿಸುವ ಸಂಸ್ಥೆಗೆ ಹೋಗಲಿ ಎಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆ, ಅಂದರೆ ನಾವು ಎಸ್‌.ಜೆ.ಪಿ. ಎನ್ನುವ ಪಾಲಿಟೆಕ್ನಿಕ್, 1943ರಲ್ಲಿ ಆರಂಭವಾಯಿತು. ಗಾರೆ ಮೇಸ್ತ್ರಿಗಳ, ನೇಕಾರರ, ರೈತರ ಎಷ್ಟೋ ಮಕ್ಕಳು ಅಲ್ಲಿ ಡಿಪ್ಲೊಮಾ ಮಾಡಿದ್ದಾರೆ. 1955ರಲ್ಲಿ ಭಾರತರತ್ನ ಬಂತು. ತೊಂಬತ್ತು ದಾಟಿದ ಮೇಲೂ, ಬಿಹಾರದಲ್ಲಿ ಗಂಗೆಗೆ ರೈಲು–ರಸ್ತೆ ಸೇತುವೆ ಎಲ್ಲಿ ಕಟ್ಟಬೇಕೆಂದು ಹೇಳುವ ಸಮಿತಿಯ ಮುಖ್ಯಸ್ಥರಾಗಿ ಜಾಗ ಗುರುತಿಸಿದರು. ಮೊಕಾಮಾದ ಆ ಸೇತುವೆ 1959ರಲ್ಲಿ ತೆರೆಯಿತು. 1962ರ ಏಪ್ರಿಲ್‌ನಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು. ಸಮಾಧಿ ಮುದ್ದೇನಹಳ್ಳಿಯಲ್ಲೇ ಇದೆ.

ಓದು ಮುಗಿದ ಭಾನುವಾರ ಅಪ್ಪನ ಬೈಕಿನಲ್ಲಿ ಮಾಗಡಿ ರಸ್ತೆ ಹಿಡಿದು ತಾವರೆಕೆರೆ ದಾಟಿ ತಿಪ್ಪಗೊಂಡನಹಳ್ಳಿ ಕಡೆ ಹೋದೆವು. ಅರ್ಕಾವತಿ ಮತ್ತು ಕುಮುದ್ವತಿ ಸೇರುವಲ್ಲಿ 1933ರಲ್ಲಿ ಸಿದ್ಧವಾದ ಈ ಜಲಾಶಯವೂ ವಿಶ್ವೇಶ್ವರಯ್ಯನವರ ಸಲಹೆಯಿಂದಲೇ ಬಂದದ್ದು. ಕಾವೇರಿ ಬರುವುದಕ್ಕೆ ಮುಂಚೆ ದಶಕಗಳ ಕಾಲ ಬೆಂಗಳೂರಿನ ಬಾಯಾರಿಕೆ ತಣಿಸಿದ್ದು ಇದೇ. ಅರ್ಕಾವತಿ ಕಲುಷಿತವಾದ ಮೇಲೆ ಇಲ್ಲಿಂದ ನೀರು ಒಯ್ಯುವುದು ವರ್ಷಗಟ್ಟಲೆ ನಿಂತುಹೋಯಿತು. ದೂರದಿಂದಲೇ ಕಟ್ಟೆ ನೋಡುತ್ತಾ ಅಪ್ಪ, ಕಟ್ಟೋರು ಕಟ್ಟಿ ಹೋದರು, ಕಾಯೋರು ಬೇಕು ಎಂದರು. ಸಹಾಯಕ ಎಂಜಿನಿಯರ್ ಕೆಲಸ ಯಾಕೆ ಬೇಕು ಎಂದು ಸಂದರ್ಶನದಲ್ಲಿ ಯಾರಾದರೂ ಕೇಳಿದರೆ ಏನು ಹೇಳಬೇಕೆಂದು ನನಗೆ ಅವತ್ತು ಹೊಳೆಯಿತು.

ಮರುದಿನ ಟೀ ಅಂಗಡಿ ಮುಂದೆ ಅದೇ ಗೆಳೆಯ ಸಿಕ್ಕ. ಪೂರ್ತಿ ಕಥೆ ಹೇಳಿದೆ, ಮುಂಬೈಯದನ್ನೂ ಸೇರಿಸಿ. ಅವನು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಕ್ಲಾಸ್ ಬೆಲ್ ಆಯಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಅಣೆಕಟ್ಟೆಗಳ ಪಾಠದ ನೋಟ್ಸ್ ಬರೆದುಕೊಂಡೆವು. ಜಗಳವಾಡಿಯೂ ಒಂದೇ ಕೆಲಸಕ್ಕೆ ಕೂರಬಹುದು ಎನ್ನುವುದನ್ನು ನಾಲ್ವಡಿಯವರೂ ಸರ್‌ ಎಂ.ವಿ.ಯವರೂ ನೂರು ವರ್ಷದ ಹಿಂದೆಯೇ ತೋರಿಸಿದ್ದಾರೆ. ಒಬ್ಬರು ಕಾಲೇಜು ಕಟ್ಟಿಸಿದರು, ಇನ್ನೊಬ್ಬರು ಅದರ ಆಚೆಗಿನ ಬಾಗಿಲನ್ನು ನಮ್ಮಂಥವರಿಗೂ ತೆರೆಸಿದರು. ನನ್ನ ಸೀಟಿಗೆ ಇಬ್ಬರೂ ಬೇಕಾಗಿತ್ತು.